ಎಂಟನೆಯವರಿಗೆ ಒಂದು ಜಾಗ



ಮಕ್ಕಳು ಕೆಡಬಾರದೆಂಬ ಕಾಳಜಿಯಿಂದ ನಾವು ಮನೆಯಲ್ಲಿ ಹಲವು ಬಾಗಿಲುಗಳನ್ನು ಮುಚ್ಚುತ್ತೇವೆ. ಅದು ಹೆತ್ತವರ ಕರ್ತವ್ಯ. ಆದರೆ ಹಾಗೆ ಮುಚ್ಚುವಾಗ ಕೆಡುಕಿನ ಜೊತೆ ಒಳಿತನ್ನೂ ಹೊರಗೆ ಹಾಕಿದೆವೇ ಎಂದು ಎಂದಾದರೂ ಕೇಳಿಕೊಂಡಿದ್ದೇವೆಯೇ? ಐರ್ಲೆಂಡಿನ ಕಥೋಲಿಕ ಸಹೋದರರ ಒಂದು ಅನುಭವ ಈ ವಿಷಯದಲ್ಲಿ ನಮಗೆ ಪಾಠವಾಗಬಲ್ಲದು.

ಆ ದೇಶದ ಪಶ್ಚಿಮ ಕರಾವಳಿಯಲ್ಲಿ ಕ್ಲೇರ್ ಎಂಬ ಸೀಮೆಯಿದೆ. ಅಲ್ಲಿ ಸಂಜೆ ಜನ ಸೇರಿ ಕುಣಿಯುವ ಕೂಟಕ್ಕೆ ‘ಕೇಲಿ’ ಎನ್ನುತ್ತಾರೆ. ವೇದಿಕೆಯ ಮೇಲೆ ಪಿಟೀಲು, ಕೊಳಲು, ಅಕಾರ್ಡಿಯನ್, ಪಿಯಾನೋ, ಡ್ರಮ್ ನುಡಿಸುವವರು ಕುಳಿತಿರುತ್ತಾರೆ. ಕೆಳಗೆ ನಾಲ್ಕು ಜೋಡಿಗಳು ಚೌಕವಾಗಿ, ಎದುರುಬದುರಾಗಿ ನಿಲ್ಲುತ್ತವೆ. ಇದೇ ‘ಸೆಟ್’. ಒಮ್ಮೆ ಎದುರಿನ ಎರಡು ಜೋಡಿಗಳು ಕುಣಿದರೆ, ಪಕ್ಕದ ಎರಡು ಜೋಡಿಗಳು ತಮ್ಮ ಸರದಿಗಾಗಿ ಕಾಯುತ್ತವೆ. ಮತ್ತೊಮ್ಮೆ ಎಂಟೂ ಮಂದಿ ಕೈಕೈ ಹಿಡಿದು ಸುತ್ತುತ್ತಾರೆ. ಅಜ್ಜಿಯ ಜೊತೆ ಮೊಮ್ಮಗ ಕುಣಿದರೂ ಯಾರೂ ನಗುವುದಿಲ್ಲ. ನಡುವೆ ಎಲ್ಲರಿಗೂ ಚಹಾ.

ಒಂದು ವಿಷಯ ಗಮನಿಸಿ. ಏಳು ಮಂದಿ ಎಷ್ಟೇ ಚೆನ್ನಾಗಿ ಕುಣಿಯಬಲ್ಲವರಾದರೂ ಸೆಟ್ ಪೂರ್ತಿಯಾಗದು. ಗೋಡೆಯ ಬಳಿ ಸಂಕೋಚದಿಂದ ಕುಳಿತ ಒಬ್ಬರನ್ನು ಕೈಹಿಡಿದು ಕರೆತರಬೇಕು. ಅವರು ಹೆಜ್ಜೆ ತಪ್ಪಿದರೆ ಉಳಿದವರು ತಿದ್ದಿ ಮುನ್ನಡೆಸಬೇಕು.

ಇಂತಹ ಕುಣಿತ ಹಿಂದೆ ಹಳ್ಳಿಯ ಮನೆಗಳಲ್ಲಿ, ನಾಲ್ಕು ದಾರಿ ಕೂಡುವಲ್ಲಿ ನಡೆಯುತ್ತಿತ್ತು. 1925ರಲ್ಲಿ ಐರ್ಲೆಂಡಿನ ಧರ್ಮಾಧ್ಯಕ್ಷರುಗಳು ನೃತ್ಯಕೂಟಗಳ ಅಪಾಯಗಳ ಬಗ್ಗೆ ಎಚ್ಚರಿಕೆಯ ಪತ್ರ ಹೊರಡಿಸಿದರು. 1935ರಲ್ಲಿ ಸರಕಾರ ಕಾನೂನು ತಂದು, ಸಾರ್ವಜನಿಕ ನೃತ್ಯಕ್ಕೆ ನ್ಯಾಯಾಲಯದ ಪರವಾನಗಿ ಬೇಕೆಂದಿತು. ಪೊಲೀಸರೂ ಕೆಲವು ಗುರುಗಳೂ ಅದನ್ನು ಮನೆಯೊಳಗಿನ ಕೂಟಗಳಿಗೂ ಅನ್ವಯಿಸಿದರು. ಅವರ ಉದ್ದೇಶ ಕೆಟ್ಟದಾಗಿರಲಿಲ್ಲ. ತಡರಾತ್ರಿ, ಕುಡಿತ, ಹಿರಿಯರ ಕಣ್ಣಿಲ್ಲದ ನೃತ್ಯಗೃಹಗಳು ಅವರನ್ನು ಚಿಂತೆಗೀಡುಮಾಡಿದ್ದವು. ಆದರೆ ನಿಂತುಹೋದದ್ದು ಹಿರಿಯರ ಕಣ್ಣೆದುರೇ ನಡೆಯುತ್ತಿದ್ದ ಮನೆಯ ಕೂಟ! ಕ್ಲೇರ್‌ನ ಪಿಟೀಲುವಾದಕ ಜೂನಿಯರ್ ಕ್ರೆಹನ್ (1908–1998) ಈ ನಷ್ಟವನ್ನು ಕೊನೆಯವರೆಗೂ ನೋವಿನಿಂದ ನೆನೆಯುತ್ತಿದ್ದರು. ಯುವಜನರು ಹೊರದೇಶಗಳಿಗೆ ವಲಸೆ ಹೋಗುತ್ತಿದ್ದ ಕಾಲವದು. ಉಳಿದವರಿಗೆ ನೆರೆಯವರು ಒಂದುಗೂಡುವ ಒಂದು ನೆಪವೂ ಇಲ್ಲವಾಯಿತು.

ಹಾಗಾದರೆ ಎಲ್ಲ ಮೋಜಿಗೂ ಬಾಗಿಲು ತೆರೆಯಬೇಕೇ? ಹಾಗಲ್ಲ. ಪಾಪದ ಅವಕಾಶ ಎಂಬುದು ನಿಜವಾಗಿಯೂ ಇದೆ. ಆದರೆ ಗೋಧಿ ಮತ್ತು ಕಳೆಯ ಸಾಮತಿಯನ್ನು ನೆನೆಯಿರಿ. ಕಳೆ ಕೀಳಲು ಆತುರಪಟ್ಟ ಆಳುಗಳನ್ನು ಯಜಮಾನ ತಡೆದ. ಕಳೆಯ ಮೇಲಿನ ಪ್ರೀತಿಯಿಂದಲ್ಲ, ಗೋಧಿಯ ಮೇಲಿನ ಪ್ರೀತಿಯಿಂದ. ಕೆಡುಕನ್ನು ದ್ವೇಷಿಸುವುದು ಸುಲಭ. ಒಳಿತಿನ ಬೇರು ಅಲುಗದಂತೆ ಕಾಯುವುದಕ್ಕೆ ತಾಳ್ಮೆ ಬೇಕು. ದಾವೀದ ಅರಸನು ದೇವರ ಮಂಜೂಷದ ಮುಂದೆ ಕುಣಿದಾಗ ಕಿಟಕಿಯಿಂದ ನೋಡಿ ಹೀನೈಸಿದವಳು ಮೀಕಲಳು. ನಾವೂ ಎಷ್ಟೋ ಸಲ ಆ ಕಿಟಕಿಯ ಬಳಿಯೇ ನಿಂತಿರುತ್ತೇವೆ.

ಸಂತಸವನ್ನು ಅಳೆಯಲು ಸೆಟ್ ಕುಣಿತವೇ ನಮಗೊಂದು ಅಳತೆಗೋಲು ಕೊಡುತ್ತದೆ. ಈ ಸಂತಸದಲ್ಲಿ ಇನ್ನೊಬ್ಬರಿಗೆ ಜಾಗವಿದೆಯೇ? ಮುದುಕರೂ ಮಕ್ಕಳೂ ನಾಚಿಕೊಳ್ಳದೆ ಅಲ್ಲಿರಬಹುದೇ? ನನ್ನ ಸರದಿಗಾಗಿ ಕಾಯುವುದನ್ನು ಅದು ನನಗೆ ಕಲಿಸುತ್ತದೆಯೇ? ಹೌದಾದರೆ ಅದಕ್ಕೆ ಹೆದರಬೇಕಾಗಿಲ್ಲ. ಯಾರೊಡನೆಯೂ ಹಂಚಿಕೊಳ್ಳದೆ, ಯಾರನ್ನೋ ಹೊರಗಿಟ್ಟು ಪಡುವ ಸಂತಸಕ್ಕೆ ಹೆದರಬೇಕು, ಅದು ಎಷ್ಟೇ ಸಭ್ಯವಾಗಿ ಕಂಡರೂ.

ಐರ್ಲೆಂಡಿನಲ್ಲಿ ಆ ಬೇರು ಪೂರ್ತಿ ಸಾಯಲಿಲ್ಲ. ಕ್ಲೇರ್‌ನ ಮಿಲ್‌ಟೌನ್ ಮಾಲ್ಬೇ ಊರಿನಲ್ಲಿ 1973ರಲ್ಲಿ ವಿಲೀ ಕ್ಲಾನ್ಸಿ ಸ್ಮಾರಕ ಬೇಸಿಗೆ ಸಂಗೀತ ಶಾಲೆ ಆರಂಭವಾಯಿತು. 1980ರ ದಶಕದಲ್ಲಿ ಅಲ್ಲಿ ಸೆಟ್ ಕುಣಿತವನ್ನೂ ಕಲಿಸತೊಡಗಿದರು. ಹಿರಿಯರು ನೆನಪಿನಲ್ಲಿಟ್ಟುಕೊಂಡಿದ್ದ ಹೆಜ್ಜೆಗಳನ್ನು ಕಿರಿಯರು ಕಲಿತುಕೊಂಡರು.

ಮುಂದಿನ ಬಾರಿ ನಿಮ್ಮ ಮನೆಯಲ್ಲಿ ‘ಬೇಡ’ ಎನ್ನುವ ಮೊದಲು ಒಂದು ಕ್ಷಣ ತಡೆಯಿರಿ. ಮುಚ್ಚುವ ಬಾಗಿಲಿನ ಬದಲಿಗೆ ಮಕ್ಕಳಿಗೆ ಯಾವ ಬಾಗಿಲು ತೆರೆದಿದ್ದೀರಿ? ಗೋಡೆಯ ಬಳಿ ಕುಳಿತ ಆ ಎಂಟನೆಯವರು ನಿಮ್ಮ ಮನೆಯಲ್ಲಿ ಯಾರು? ಇಂದೇ ಅವರ ಕೈಹಿಡಿದು ಕರೆಯಿರಿ.