ಮನೆಗೆ ಬರೆದ ಕಾಗದ

ಧರ್ಮಪ್ರಚಾರಕ್ಕಾಗಿ ಮನೆ ಬಿಟ್ಟವನು ಮನೆಯವರಿಗೆ ಕಾಗದ ಬರೆದರೆ ಅದು ವ್ರತಭಂಗವೇ? 1854ರಲ್ಲಿ ಮಾರ್ಮನ್ ಮತದ ಜೋಸೆಫ್ ಎಫ್. ಸ್ಮಿತ್ ಎಂಬ ಹದಿನೈದು ವರ್ಷದ ಬಾಲಕನು ಅಮೆರಿಕದ ಯೂಟಾ ಪ್ರಾಂತದಿಂದ ಹವಾಯಿ ದ್ವೀಪಗಳಿಗೆ ಪ್ರಚಾರಕನಾಗಿ ಹೊರಟನು. ತಂದೆತಾಯಿಗಳಿಬ್ಬರೂ ಗತಿಸಿದ್ದರು. ಊರಿನಲ್ಲಿ ತಂಗಿ ಮಾರ್ಥಾ ಇದ್ದಳು. ಅಣ್ಣನು ಬರೆದನು, ತಂಗಿ ಉತ್ತರಿಸಿದಳು. ಆ ವ್ಯವಹಾರವು ಅವನು ಹಿಂದಿರುಗಿದ ಮೇಲೆಯೂ ದಶಕಗಳವರೆಗೆ ನಡೆಯಿತು.

ಕಾಗದವು ಮನಸ್ಸನ್ನು ಕದಡುವುದು ನಿಜ. ಪಾಠಶಾಲೆಯಲ್ಲಿದ್ದಾಗ, ತಾಯಿಯ ಕಾಗದ ಬಂದ ದಿನ, ನನಗೂ ಅಮರಕೋಶವು ಬಾಯಿಗೆ ಬರುತ್ತಿರಲಿಲ್ಲ. ಆದರೆ ಅನಾಥಳಾದ ತಂಗಿಯನ್ನು ಮರೆತವನು ಪರರಿಗೆ ಪ್ರೇಮವನ್ನು ಬೋಧಿಸಿದರೆ ಕೇಳುವವರಾರು?

ಆ ಮತದ ತರುಣ ಪ್ರಚಾರಕರು ಬಹುಕಾಲ ಕ್ರಿಸ್‌ಮಸ್ ಮತ್ತು ತಾಯಂದಿರ ದಿನಗಳಲ್ಲಿ ಮಾತ್ರ ಮನೆಯವರೊಡನೆ ದೂರವಾಣಿಯಲ್ಲಿ ಮಾತನಾಡಬಹುದಾಗಿತ್ತು. 2019ರಿಂದ ವಾರಕ್ಕೊಮ್ಮೆ ಮಾತನಾಡಬಹುದು. ಇದನ್ನು ನಾನು ಶೈಥಿಲ್ಯವೆನ್ನಲಾರೆ.