ಎಕ್ಸ್‌ನ ಬೆಲೆ ಕಂಡುಹಿಡಿಯಿರಿ

ಹೈಸ್ಕೂಲಿನ ಬೀಜಗಣಿತದಲ್ಲಿ ಒಂದು ಆಜ್ಞೆ ಮತ್ತೆ ಮತ್ತೆ ಬರುತ್ತದೆ: ‘ಎಕ್ಸ್‌ನ ಬೆಲೆ ಕಂಡುಹಿಡಿಯಿರಿ.’ ಮಕ್ಕಳು ಇದನ್ನು ನೂರು ಸಲ ಬರೆದಿರುತ್ತಾರೆ. ಬೆಲೆ ಅನ್ನುವ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ಸಂತೆಯಲ್ಲಿ ಎತ್ತಿಗೆ ಕಟ್ಟುವುದೂ ಬೆಲೆ, ‘ಮನುಷ್ಯನಿಗೆ ಬೆಲೆ ಕೊಡ್ರಯ್ಯಾ’ ಅಂತ ಕೇಳುವುದೂ ಬೆಲೆ. ಇಂಗ್ಲಿಷಿನ 26 ಅಕ್ಷರಗಳಲ್ಲಿ 24ನೆಯದಾದ ಈ ಎಕ್ಸ್‌ನ ಚರಿತ್ರೆ ಕೆದಕುತ್ತಾ ಹೋದರೆ ಈ ಎರಡು ಬೆಲೆಗಳ ಜಗಳವೇ ಎದುರಾಗುತ್ತದೆ. ಯಾರಿಗೆ ಹೆಸರು, ಯಾರಿಗೆ ಬರೀ ಗುರುತು? ‘ಗೊತ್ತಿಲ್ಲ’ ಅಂದಾಗ ಆ ಅಜ್ಞಾನ ಯಾರದು? ಅಕ್ಷರದಿಂದ ಶುರುವಾದರೂ ಇದು ನೀತಿಯ ಪ್ರಶ್ನೆ.

ಮೊದಲು ಹುಟ್ಟು ನೋಡೋಣ. ಗ್ರೀಕರು ಫಿನಿಷಿಯನ್ನರಿಂದ ಅಕ್ಷರ ಕಲಿತು ತಮ್ಮ ನಾಲಿಗೆಗೆ ಹೊಂದಿಸಿಕೊಂಡರು. ಒಂದಕ್ಕೊಂದು ಅಡ್ಡ ಹಾಯುವ ಎರಡು ಗೆರೆಗಳ ಈ ಅಕ್ಷರವನ್ನು ಪೂರ್ವದ ಗ್ರೀಕರು ‘ಖ’ ಅಂತ ಓದಿದರು, ಪಶ್ಚಿಮದ ಗ್ರೀಕರು ‘ಕ್ಸ’ ಅಂತ ಓದಿದರು. ಎರಡೂ ಸರಿ. ಆ ಪಶ್ಚಿಮದ ಗ್ರೀಕರಲ್ಲಿ ಕೆಲವರು ಇಟಲಿಗೆ ಬಂದು ಈಗಿನ ನೇಪಲ್ಸ್ ಹತ್ತಿರದ ಕ್ಯೂಮೆಯಲ್ಲಿ ನೆಲೆಸಿದರು. ಅವರಿಂದ ಎಟ್ರಸ್ಕನ್ನರು ಕಲಿತರು, ಎಟ್ರಸ್ಕನ್ನರಿಂದ ರೋಮನ್ನರು. ರೋಮನ್ನರ ಸಾಲಿನಲ್ಲಿ ಎಷ್ಟೋ ಕಾಲ ಎಕ್ಸೇ ಕಡೆಯ ಅಕ್ಷರ. ಕ್ರಿ.ಪೂ. ಒಂದನೆಯ ಶತಮಾನದಲ್ಲಿ ಗ್ರೀಕ್ ಮಾತುಗಳನ್ನು ಬರೆಯಬೇಕಾಗಿ ಬಂದಾಗ ವೈ, ಝಡ್ ಬಂದು ಅದರ ಹಿಂದೆ ನಿಂತವು. ರೋಮನ್ನರ ಹತ್ತು ಅನ್ನುವ ಅಂಕಿಯೂ ಇದೇ ಆಕಾರದ್ದು. ಆದರೆ ಅದು ಅಕ್ಷರದಿಂದ ಬಂದದ್ದಲ್ಲ, ಕೋಲಿನ ಮೇಲೆ ಗೀಟು ಕೊರೆದು ಲೆಕ್ಕ ಇಡುತ್ತಿದ್ದವರಿಂದ ಬಂದದ್ದು ಅನ್ನುತ್ತಾರೆ ಬಲ್ಲವರು. ಗೋಡೆಯ ಮೇಲೆ ಹಾಲಿನ ಲೆಕ್ಕಕ್ಕೆ ಗೀಟು ಹಾಕುವ ನಮ್ಮ ಅವ್ವಂದಿರಿಗೆ ಈ ವಿದ್ಯೆ ಹೊಸದಲ್ಲ.

ಇನ್ನು ದನಿ. ಎಕ್ಸ್‌ಗೆ ಸ್ವಂತದ ಒಂದು ದನಿ ಇಲ್ಲ. ‘ಬಾಕ್ಸ್’ನಲ್ಲಿ ಅದು ‘ಕ್ಸ್’. ‘ಎಗ್ಸಾಮ್’ ಅನ್ನುವಾಗ ‘ಗ್ಸ್’. ಮಾತಿನ ಮೊದಲಲ್ಲಿ ಬಂದರೆ ‘ಝ’. ತಾಲ್ಲೂಕು ಕಚೇರಿ ಮುಂದಿನ ಜೆರಾಕ್ಸ್ ಅಂಗಡಿಯ ಬೋರ್ಡು ನೋಡಿ. ಆ ಮಾತಿನ ಮೊದಲನೆಯದೂ ಎಕ್ಸ್, ಕೊನೆಯದೂ ಎಕ್ಸ್. ಮೊದಲನೆಯದು ‘ಜೆ’ ಆಯಿತು, ಕೊನೆಯದು ‘ಕ್ಸ್’ ಆಯಿತು. ಯಾಕೆ? ಇಂಗ್ಲಿಷರ ನಾಲಿಗೆ ಮಾತಿನ ಮೊದಲಲ್ಲಿ ‘ಕ್ಸ’ ಅನ್ನಲು ಒಗ್ಗುವುದಿಲ್ಲ. ಅವರು ತಮಗೆ ಒಗ್ಗಿದಂತೆ ಅಂದರು, ಅಂದದ್ದೇ ನಿಘಂಟಾಯಿತು. ನಮ್ಮ ಹಟ್ಟಿಯ ಹುಡುಗ ಒಬ್ಬ ‘ಪರೀಕ್ಸೆ’ ಅನ್ನಲಿ, ‘ಅಕ್ಸರ’ ಅನ್ನಲಿ, ಕ್ಲಾಸಿಗೆ ಕ್ಲಾಸೇ ನಗುತ್ತದೆ. ‘ಇವರಿಗೆಲ್ಲಿ ಬರಬೇಕು ಕ್ಷಕಾರ’ ಅನ್ನುತ್ತಾರೆ. ಮುಂದಿನ ಪೀರಿಯಡ್ಡಿನಲ್ಲಿ ಅದೇ ಹುಡುಗ ಅದೇ ನಾಲಿಗೆಯಿಂದ ಅದೇ ‘ಕ್ಸ್’ ದನಿಯಲ್ಲಿ ‘ಬಾಕ್ಸ್’ ಅಂದರೆ ಶಹಬ್ಬಾಸ್! ತಪ್ಪು ದನಿಯಲ್ಲಿತ್ತೋ, ದನಿಯ ಒಡೆಯ ಹುಟ್ಟಿದ ಕೇರಿಯಲ್ಲಿತ್ತೋ?

ಈಗ ಸಹಿಯ ಕಥೆ. ಯೂರೋಪಿನಲ್ಲಿ ಒಂದು ಕಾಲಕ್ಕೆ ಪತ್ರಕ್ಕೆ ಶಿಲುಬೆಯ ಗುರುತು ಹಾಕುವುದೇ ಪ್ರಮಾಣ. 1072ರಲ್ಲಿ ಇಂಗ್ಲೆಂಡಿನ ದೊರೆ ವಿಲಿಯಂ ಮತ್ತು ರಾಣಿ ಮಟಿಲ್ಡಾ, ಬಿಷಪ್ಪರ ಪೀಠಗಳ ತಕರಾರು ತೀರಿಸಿದ ಪತ್ರಕ್ಕೆ ಇಂಥ ಅಡ್ಡಗೆರೆಗಳನ್ನೇ ಹಾಕಿದರು. ಅದನ್ನು ಯಾರೂ ದಡ್ಡತನ ಅನ್ನಲಿಲ್ಲ, ದೈವಭಕ್ತಿ ಅಂದರು. ಮುಂದೆ ಉಳ್ಳವರೆಲ್ಲ ಅಕ್ಷರ ಕಲಿತ ಮೇಲೆ ಅಡ್ಡಗೆರೆ ಇಲ್ಲದವರ ಪಾಲಿಗೆ ಬಂತು, ಬಂದದ್ದೇ ತಡ ಅವಮಾನವಾಯಿತು. ಅಮೆರಿಕದ ಸೌತ್ ಕೆರೊಲಿನಾದಲ್ಲಿ 1740ರಲ್ಲಿ ಒಂದು ಕಾನೂನು ಬಂತು. ಗುಲಾಮರಿಗೆ ಬರೆಯಲು ಕಲಿಸಿದವರಿಗೆ 100 ಪೌಂಡ್ ದಂಡ. 1865ರಲ್ಲಿ ಗುಲಾಮಗಿರಿ ರದ್ದಾದಾಗ ಬಿಡುಗಡೆಯಾದವರು ಹೊಟ್ಟೆಪಾಡಿಗಾಗಿ ಅದೇ ಹತ್ತಿಹೊಲಗಳಿಗೆ ಕರಾರಿನ ಕೂಲಿಗಳಾಗಿ ಹೋಗಬೇಕಾಯಿತು. ಕರಾರುಪತ್ರದ ಬುಡದಲ್ಲಿ ಗುಮಾಸ್ತ ಅವರ ಹೆಸರು ಬರೆಯುತ್ತಿದ್ದ, ನಡುವೆ ಜಾಗ ಬಿಡುತ್ತಿದ್ದ. ಆ ಜಾಗದಲ್ಲಿ ಒಂದು ಎಕ್ಸ್. ಮೇಲೆ ‘ಇವನ’, ಕೆಳಗೆ ‘ಗುರುತು’. ಕೈಕಾಲು ಕಟ್ಟಿ ಹೊಳೆಗೆ ತಳ್ಳಿ, ‘ಇವನಿಗೆ ಈಜು ಬರಲ್ಲ’ ಅಂತ ದಡದ ಮೇಲೆ ನಿಂತು ನಗುವವರ ನ್ಯಾಯ ಇದು.

ನಮ್ಮ ದೇಶದಲ್ಲಿ ಎಕ್ಸ್‌ನ ಜಾಗದಲ್ಲಿ ಹೆಬ್ಬೆಟ್ಟು ಕೂತಿತು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಅನ್ನುವ ಬ್ರಿಟಿಷ್ ಅಧಿಕಾರಿ, ರಸ್ತೆಗೆ ಸಾಮಾನು ಒದಗಿಸುವ ಕರಾರಿಗೆ ರಾಜ್ಯಧರ ಕೋನಾಯಿ ಎಂಬಾತನ ಇಡೀ ಅಂಗೈಯ ಮುದ್ರೆ ಹಾಕಿಸಿಕೊಂಡ. ಮುಂದೆ ‘ಇದು ನನ್ನ ಸಹಿಯಲ್ಲ’ ಅನ್ನದಂತೆ ಹೆದರಿಸಲಿಕ್ಕೆ ಹಾಗೆ ಮಾಡಿದೆ ಅಂತ ಹರ್ಷೆಲ್ಲೇ ಬರೆದುಕೊಂಡಿದ್ದಾನೆ. ನಂಬಿಕೆ ಇಲ್ಲದ ಕಡೆ ಹುಟ್ಟಿದ ಗುರುತು ಅದು. ಇವತ್ತು ಪಡಿತರ ಅಂಗಡಿಯ ಯಂತ್ರದ ಮೇಲೆ ಅದೇ ಬೆರಳು ಒತ್ತಬೇಕು. ಕಲ್ಲು ಒಡೆದು, ಗಾರೆ ಕಲಸಿ ಸವೆದ ಬೆರಳನ್ನು ಎಷ್ಟೋ ಸಲ ಯಂತ್ರ ಒಪ್ಪುವುದಿಲ್ಲ. ದುಡಿದದ್ದಕ್ಕೇ ಗೆರೆ ಅಳಿದುಹೋಯಿತು, ಗೆರೆ ಅಳಿದದ್ದಕ್ಕೇ ಅಕ್ಕಿ ಇಲ್ಲ ಅಂದರೆ ಇದನ್ನು ಯಾವ ಲೆಕ್ಕಕ್ಕೆ ಬರೆಯೋಣ?

ಎಕ್ಸ್ ಹಾಕಿದವರು ಹಾಕಿದ್ದೇನು ಅಂತ ಅರಿಯದವರು ಅನ್ನುವ ಮಾತಿದೆ. ಅಮೆರಿಕದ ಮೂಲನಿವಾಸಿಗಳನ್ನು ಕೇಳಿ. 1868ರ ಫೋರ್ಟ್ ಲಾರಮಿ ಒಪ್ಪಂದಕ್ಕೆ ಸೂ ಜನರ ಮುಖಂಡರು ಹಾಕಿದ್ದು ಎಕ್ಸ್. ಬ್ಲ್ಯಾಕ್ ಹಿಲ್ಸ್ ಬೆಟ್ಟಗಳು ನಿಮ್ಮವೇ ಅಂತ ಆ ಪತ್ರ ಹೇಳಿತ್ತು. ಬೆಟ್ಟದಲ್ಲಿ ಚಿನ್ನ ಸಿಕ್ಕಿತು. 1877ರಲ್ಲಿ ಸರ್ಕಾರ ಬೆಟ್ಟ ಕಿತ್ತುಕೊಂಡಿತು. ಮಾತು ಮುರಿದವರು ಅಂದವಾಗಿ ಸಹಿ ಮಾಡಬಲ್ಲವರು, ನೆನಪಿಟ್ಟವರು ಎಕ್ಸ್ ಹಾಕಿದವರು. ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, 1980ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ಪರಿಹಾರ ಕೊಡಬೇಕಾದ್ದೇ ಅಂದಿತು. ಮೊತ್ತ ಹತ್ತು ಕೋಟಿ ಡಾಲರಿಗೂ ಮೀರಿದ್ದು. ಬಡತನದಲ್ಲಿರುವ ಆ ಜನ ಹಣ ಮುಟ್ಟಲಿಲ್ಲ. ಬೆಟ್ಟ ಮಾರಾಟಕ್ಕಿಲ್ಲ ಅಂದರು. ಬಡ್ಡಿ ಬೆಳೆಯುತ್ತಲೇ ಇದೆ, ಅವರು ಇನ್ನೂ ಮುಟ್ಟಿಲ್ಲ. ಸಂತೆಯ ಬೆಲೆ ಬೇರೆ, ಇನ್ನೊಂದು ಬೆಲೆ ಬೇರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಜರ್ಮನಿಯ ತತ್ವಜ್ಞಾನಿ ಕಾಂಟ್ 1785ರಲ್ಲಿ ಇದೇ ಭೇದವನ್ನು ಗುರುತಿಸಿದ್ದ. ಸಂತೆಯ ಬೆಲೆ ಇರುವ ವಸ್ತುವಿಗೆ ಬದಲಿಯಾಗಿ ಇನ್ನೊಂದು ವಸ್ತು ಇಡಬಹುದು, ಘನತೆಗೆ ಬದಲಿ ಇಲ್ಲ ಅನ್ನುವುದು ಅವನ ವಿಚಾರ.

ಹಾಗಾದರೆ ಗಣಿತದ ಎಕ್ಸ್ ಏನನ್ನುತ್ತದೆ? 1637ರಲ್ಲಿ ಫ್ರಾನ್ಸಿನ ದೆಕಾರ್ತ್ ತನ್ನ ರೇಖಾಗಣಿತದ ಪುಸ್ತಕದಲ್ಲಿ ಒಂದು ರೂಢಿ ಹಾಕಿದ. ಗೊತ್ತಿರುವ ಮೊತ್ತಗಳಿಗೆ ಅಕ್ಷರಮಾಲೆಯ ಮೊದಲಿನ ಎ, ಬಿ, ಸಿ. ಗೊತ್ತಿಲ್ಲದವಕ್ಕೆ ಕೊನೆಯ ಎಕ್ಸ್, ವೈ, ಝಡ್. ಎಕ್ಸ್‌ಗೆ ಮೂರು ಕೂಡಿಸಿದರೆ ಹತ್ತು ಅಂದಾಗ, ಎಕ್ಸ್ ಏಳೇ. ನಾವು ಕಂಡುಹಿಡಿಯುವ ಮುಂಚೆಯೂ ಏಳು, ಆಮೇಲೂ ಏಳು. ಎಕ್ಸ್ ಅಂದರೆ ಸೊನ್ನೆಯಲ್ಲ ಗೆಳೆಯರೇ! ಬೆಲೆ ಇದೆ, ಲೆಕ್ಕ ಮಾಡುವವನು ಇನ್ನೂ ಅಲ್ಲಿಗೆ ಮುಟ್ಟಿಲ್ಲ ಅಷ್ಟೆ. 1895ರಲ್ಲಿ ರಾಂಟ್ಜೆನ್ ಅನ್ನುವ ವಿಜ್ಞಾನಿ ಮಾಂಸ ತೂರಿ ಎಲುಬು ತೋರಿಸುವ ಕಿರಣ ಕಂಡು, ಅದರ ಸ್ವಭಾವ ತಿಳಿಯದೆ ಎಕ್ಸ್ ಕಿರಣ ಅಂದ. 1891ರಲ್ಲಿ ಹೆಂಕಿಂಗ್ ಅನ್ನುವವನು ಒಂದು ಕೀಟದ ಜೀವಕೋಶದಲ್ಲಿ ಅರ್ಥವಾಗದ ವಸ್ತು ಕಂಡು ಅದಕ್ಕೂ ಎಕ್ಸ್ ಅಂದ. ಇವತ್ತಿನ ಎಕ್ಸ್ ಕ್ರೋಮೊಸೋಮಿನ ಹೆಸರು ಅಲ್ಲಿಂದ ಬಂತು. ಇಲ್ಲಿ ಅಜ್ಞಾನ ಯಾರದು? ಕಿರಣದ್ದೇ? ಅಲ್ಲ, ರಾಂಟ್ಜೆನ್ನನದು. ಅವನು ಅದನ್ನು ಒಪ್ಪಿಕೊಂಡ, ಹುಡುಕುವ ಹೊಣೆಯನ್ನೂ ಹೊತ್ತ. ಹತ್ತಿಹೊಲದ ಗುಮಾಸ್ತನೂ ಎಕ್ಸ್ ಹಾಕಿಸಿದ. ಆದರೆ ಅಜ್ಞಾನವನ್ನು ಎದುರಿಗೆ ನಿಂತವನ ತಲೆಗೆ ಕಟ್ಟಿದ. ಆ ಕೂಲಿಗಾರನ ಅಜ್ಜಿ ಆಫ್ರಿಕದ ಯಾವ ಊರಿನವಳು, ಅವಳ ಹೆಸರೇನು, ಅವಳಿಗೆ ಯಾವ ಬೆಳೆ ಯಾವ ಮಳೆ ಗೊತ್ತಿತ್ತು, ಇದೊಂದೂ ಗುಮಾಸ್ತನಿಗೆ ಗೊತ್ತಿರಲಿಲ್ಲ. ಆದರೂ ‘ಗೊತ್ತಿಲ್ಲದವನು’ ಅಂತ ದಾಖಲಾದದ್ದು ಕೂಲಿಗಾರ.

ನಮ್ಮ ನೆಲದ ಬೀಜಗಣಿತದಲ್ಲಿ ಇನ್ನೂ ಒಂದು ವಿಚಿತ್ರ ಇದೆ. 628ರಲ್ಲಿ ಬ್ರಹ್ಮಗುಪ್ತ ಗೊತ್ತಿಲ್ಲದ ಮೊತ್ತವನ್ನು ‘ಅವ್ಯಕ್ತ’ ಅಂದ. ಅಂಥ ಮೊತ್ತಗಳು ಹಲವು ಇದ್ದರೆ ಅವಕ್ಕೆ ಬಣ್ಣಗಳ ಹೆಸರು. 1150ರ ಭಾಸ್ಕರನ ‘ಬೀಜಗಣಿತ’ದಲ್ಲಿ ಕಾಲಕ, ನೀಲಕ, ಪೀತಕ, ಲೋಹಿತಕ ಅಂದರೆ ಕಪ್ಪು, ನೀಲಿ, ಹಳದಿ, ಕೆಂಪು ಸಾಲಾಗಿ ಬರುತ್ತವೆ. ಇವಕ್ಕೆಲ್ಲ ಸೇರಿ ಪಂಡಿತರು ಇಟ್ಟ ಹೆಸರು ‘ವರ್ಣ’! ಲೆಕ್ಕದಲ್ಲಿ ವರ್ಣ ಅಂದರೆ ಬೆಲೆ ಇನ್ನೂ ಗೊತ್ತಾಗಬೇಕಾದದ್ದು. ಸಮಾಜದಲ್ಲಿ ವರ್ಣ ಅಂದರೆ ಹುಟ್ಟುವ ಮುಂಚೆಯೇ ಬೆಲೆ ಕಟ್ಟಿ ಮುಗಿಸಿದ್ದು. ಒಂದೇ ಭಾಷೆ, ಒಂದೇ ಪದ. ಪಾಟಿಯ ಮೇಲೆ ಅಷ್ಟು ಪ್ರಾಮಾಣಿಕನಾದ ಪಂಡಿತ ಬೀದಿಗೆ ಬಂದಾಗ ಯಾಕೆ ಹಾಗಾದ? ಲೆಕ್ಕ ಮಾಡದೆಯೇ ಉತ್ತರ ಬರೆಯುವ ವಿದ್ಯಾರ್ಥಿಗೆ ಸೊನ್ನೆ ಕೊಡುತ್ತೇವೆ. ಲೆಕ್ಕ ಮಾಡದೆಯೇ ಮನುಷ್ಯರ ಬೆಲೆ ಬರೆದ ಶಾಸ್ತ್ರಕ್ಕೆ ಎಷ್ಟು ಅಂಕ ಕೊಡೋಣ?

ಈ ಲೆಕ್ಕವನ್ನು ತಿರುಗಿಸಿ ಹಾಕಿದವನು ಮಾಲ್ಕಂ. 1925ರಲ್ಲಿ ಅಮೆರಿಕದ ಒಮಾಹಾ ಊರಿನಲ್ಲಿ ಹುಟ್ಟಿದಾಗ ಅವನು ಮಾಲ್ಕಂ ಲಿಟ್ಲ್. ಕಳ್ಳತನಕ್ಕಾಗಿ ಜೈಲಿಗೆ ಹೋದ. ಅಲ್ಲಿ ಕೂತು ಇಂಗ್ಲಿಷ್ ನಿಘಂಟನ್ನು ಮೊದಲ ಪುಟದಿಂದ ಹಿಡಿದು ಕೈಯಲ್ಲಿ ನಕಲು ಮಾಡುತ್ತಾ ಅಕ್ಷರವನ್ನು ತನ್ನದು ಮಾಡಿಕೊಂಡ. 1952ರಲ್ಲಿ ಹೊರಗೆ ಬಂದ. ಲಿಟ್ಲ್ ಅನ್ನುವುದು ತನ್ನ ಹಿರಿಯರನ್ನು ಕೊಂಡಿದ್ದ ಒಡೆಯನ ಹೆಸರು ಅಂತ ಅದನ್ನು ಕಿತ್ತೆಸೆದ. ಆ ಜಾಗಕ್ಕೆ ಎಕ್ಸ್ ಇಟ್ಟ. ತನಗೆ ಎಂದಿಗೂ ತಿಳಿಯಲಾರದ ಆಫ್ರಿಕದ ಮನೆತನದ ಹೆಸರಿಗೆ ಆ ಅಕ್ಷರ ನಿಂತಿತು. ನೋಡಿ, ಇದು ಸಹಿ ಬಾರದವನ ಎಕ್ಸ್ ಅಲ್ಲ. ನಿಘಂಟನ್ನೇ ಬರೆದಿಳಿಸಿದವನು ಬೇಕೆಂದೇ ಆರಿಸಿಕೊಂಡ ಎಕ್ಸ್. ಅಜ್ಜ ಮುತ್ತಜ್ಜರು ತಲೆ ತಗ್ಗಿಸಿ ಹಾಕಿದ್ದ ಗುರುತನ್ನು ಮೊಮ್ಮಗ ತಲೆ ಎತ್ತಿ ಹೇಳಿದ. ಹೆಸರು ಕೇಳಿದವರಿಗೆಲ್ಲ ಆ ಅಕ್ಷರ ಒಂದು ಪ್ರಶ್ನೆಯಾಗಿ ಚುಚ್ಚಿತು: ಇವನ ಹೆಸರು ಕಳೆದವರು ಯಾರು? ಅಜ್ಞಾನ ತನ್ನ ನಿಜವಾದ ವಾರಸುದಾರನ ಮನೆಗೆ ಹಿಂತಿರುಗಿತು.

‘ಹೆಸರು ಬದಲಿಸಿದರೆ ಹೊಟ್ಟೆ ತುಂಬುತ್ತದೇನಪ್ಪಾ?’ ಅಂತ ಕೇಳುವವರಿದ್ದಾರೆ. ತುಂಬುವುದಿಲ್ಲ. ನಮ್ಮಲ್ಲಿ ‘ಏ ಇವ್ನೇ’, ‘ಲೇ’ ಅಂತಲೋ, ಜಾತಿ ಹಿಡಿದೋ ಕರೆಸಿಕೊಂಡ ಹಿರಿಯರಿಗೂ ಅದು ಗೊತ್ತಿತ್ತು. ಆದರೆ ಒಡೆಯ ಇಟ್ಟ ಹೆಸರಿಗೆ ಓಗೊಡುವವನ ದುಡಿಮೆ ಒಡೆಯನ ಲೆಕ್ಕಕ್ಕೇ ಜಮಾ ಆಗುತ್ತಿರುತ್ತದೆ. ಆ ಖಾತೆ ಮುಚ್ಚಬೇಕಾದರೆ ಮೊದಲು ಹೆಸರನ್ನು ನಿರಾಕರಿಸಬೇಕು. ಹಾಗಂತ ನಿರಾಕರಣೆಯಲ್ಲೇ ಮನೆ ಕಟ್ಟಲೂ ಆಗದು. ಮಾಲ್ಕಂ 1964ರಲ್ಲಿ ಮೆಕ್ಕಾ ಯಾತ್ರೆ ಮಾಡಿ, ಎಲ್ ಹಜ್ ಮಲಿಕ್ ಎಲ್ ಶಬಾಜ್ ಅನ್ನುವ ಹೆಸರು ತಳೆದ. 1965ರ ಫೆಬ್ರವರಿ 21ರಂದು ನ್ಯೂಯಾರ್ಕಿನಲ್ಲಿ ಅವನನ್ನು ಗುಂಡಿಕ್ಕಿ ಕೊಂದರು. ಲೋಕ ಮಾತ್ರ ಅವನನ್ನು ಎಕ್ಸ್ ಅಂತಲೇ ನೆನೆಯುತ್ತದೆ. ಲೆಕ್ಕ ಇನ್ನೂ ಬಿಡಿಸಿಲ್ಲವಲ್ಲ!

ಇದೇ ಗುರುತು ಬಡವನ ಕೈಯಲ್ಲಿ ಬಲವಾದದ್ದೂ ಉಂಟು. ಇಂಗ್ಲೆಂಡಿನಲ್ಲಿ 1872ರವರೆಗೆ ವೋಟು ಹಾಕುವವನು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕಿತ್ತು, ಜಮೀನ್ದಾರ ಕೇಳಿಸಿಕೊಳ್ಳುತ್ತಿದ್ದ. ಆ ವರ್ಷ ಗುಪ್ತ ಮತದಾನದ ಕಾನೂನು ಬಂತು. ಆಗಸ್ಟ್ 15ರಂದು ಪಾಂಟೆಫ್ರಾಕ್ಟ್ ಊರಿನ ಉಪಚುನಾವಣೆಯಲ್ಲಿ ಜನ ಮೊದಲ ಸಲ ಮರೆಯಲ್ಲಿ ನಿಂತು ಎಕ್ಸ್ ಹಾಕಿದರು. ಯಾರ ಎಕ್ಸ್ ಯಾವುದು ಅಂತ ಗುರುತು ಹಿಡಿಯಲು ಬರುವುದಿಲ್ಲ, ಒಡೆಯನದೂ ಒಂದೇ, ಆಳಿನದೂ ಒಂದೇ. ಮತಯಂತ್ರ ಬರುವ ಮುಂಚೆ ನಮ್ಮ ಮತಪತ್ರದ ಮೇಲೆ ಒತ್ತುತ್ತಿದ್ದ ಮುದ್ರೆಯೂ ಬಾಣದ ತುದಿಗಳಿದ್ದ ಅಡ್ಡಗೆರೆಯೇ. ಹೆಸರಿಲ್ಲದಿರುವುದು ಅಲ್ಲಿ ಶಿಕ್ಷೆಯಾಗಿತ್ತು, ಇಲ್ಲಿ ರಕ್ಷೆಯಾಯಿತು. ಗೆರೆ ಎಳೆಯುವ ಹಕ್ಕು ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಗೆರೆಯ ಅರ್ಥ ನಿಂತಿದೆ.

ಕಡೆಗೆ ಒಂದು ಮಾತು ಹಳ್ಳಿಯ ಮೇಷ್ಟ್ರುಗಳಿಗೆ. ನಿಮ್ಮ ಕೈಯಲ್ಲೂ ದಿನಾ ಒಂದು ಎಕ್ಸ್ ಇರುತ್ತದೆ, ಕೆಂಪು ಶಾಯಿಯದು. ಮಗುವಿನ ನೋಟುಬುಕ್ಕಿನ ಮೇಲೆ ಸರಕ್ಕನೆ ಎರಡು ಗೆರೆ ಎಳೆದರೆ ಮುಗಿಯಿತು, ತಪ್ಪು. ಆ ಎರಡು ಗೆರೆ ಗುಮಾಸ್ತನದೂ ಆಗಬಹುದು, ರಾಂಟ್ಜೆನ್ನನದೂ ಆಗಬಹುದು. ‘ಇವನಿಗೆ ಬರಲ್ಲ’ ಅಂದರೆ ಗುಮಾಸ್ತನದು. ‘ಇವನು ಎಲ್ಲಿ ಎಡವಿದ ಅಂತ ನನಗೆ ಇನ್ನೂ ಗೊತ್ತಾಗಿಲ್ಲ’ ಅಂದರೆ ಹುಡುಕುವವನದು. ಕೊನೆಯ ಬೆಂಚಿನ ಮಗುವಿನ ಬೆಲೆ ಪುಸ್ತಕದ ಹಿಂದಿನ ಉತ್ತರಗಳ ಪುಟದಲ್ಲಿ ಅಚ್ಚಾಗಿಲ್ಲ. ಕೆಂಪು ಪೆನ್ನನ್ನು ಕೆಳಗಿಟ್ಟು, ಆ ಬೆಂಚಿನ ತನಕ ನಡೆದುಹೋಗಿ, ಹೆಸರು ಹಿಡಿದು ಕೂಗಿ ಕೇಳಬೇಕು.