ಆರೈಕೆಗೂ ಮುಯ್ಯಾಳು ಬೇಕು



ಧಮ್ಮ ಬಂಧುಗಳೇ, ಇಂದಿನ ಚಿಂತನೆಯನ್ನು ನಮ್ಮ ಮನೆಯಿಂದಲೇ ಶುರು ಮಾಡುತ್ತೇನೆ.

ನಮ್ಮವ್ವನಿಗೆ ಲಕ್ವ ಹೊಡೆದು ಮೂರು ವರ್ಷವಾಯಿತು. ನಾನು ಮೇಷ್ಟ್ರು. ನನಗೆ ಭಾನುವಾರ ಇದೆ, ದಸರಾ ರಜೆ ಇದೆ, ಬೇಸಿಗೆ ರಜೆ ಇದೆ. ಅವ್ವನ ಮೈ ಒರೆಸಿ, ಬಟ್ಟೆ ಬದಲಿಸಿ, ಕೂರಿಸಿ ಗಂಜಿ ಕುಡಿಸಿ, ರಾತ್ರಿ ಎದ್ದೆದ್ದು ಮಗ್ಗುಲು ತಿರುಗಿಸುವ ನನ್ನ ಹೆಂಡತಿಗೆ ಈ ಮೂರು ವರ್ಷದಲ್ಲಿ ಒಂದು ಭಾನುವಾರವೂ ಬರಲಿಲ್ಲ. ಹೋದ ವರ್ಷ ಅವಳು, "ತಂಗಿ ಮಗೂಗೆ ನಾಮಕರಣ. ಎರಡು ದಿನ ಊರಿಗೆ ಹೋಗಿ ಬರ್ಲಾ?" ಎಂದಳು. "ಅವ್ವನ್ನ ಯಾರು ನೋಡ್ಕೊಳ್ಳೋರು?" ಎಂದೆ. ಅವಳು ಮತ್ತೆ ಕೇಳಲಿಲ್ಲ. ಆ ಮನೆಯಲ್ಲಿ ನಾನೂ ಇದ್ದೇನೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಕೆಲವು ತಿಂಗಳ ಮೇಲೆ ಒಂದು ಸಂಜೆ ಶಾಲೆಯಿಂದ ಬಂದಾಗ ಅವಳು ಅವ್ವನ ಮೇಲೆ ಕೂಗಾಡುತ್ತಿದ್ದಳು. ಎಂದೂ ದನಿ ಎತ್ತದವಳು. ಆಮೇಲೆ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತಳು. ಮೈತ್ರಿ, ಕರುಣೆಯ ಪಾಠ ಹೇಳಲು ನಾನು ಬಾಯಿ ತೆರೆದಿದ್ದೆ. ಒಳಗಿನಿಂದ ಅವ್ವನೇ ಅಂದಳು: "ಅವ್ಳಿಗೇನೂ ಅನ್ಬೇಡ ಕಣಪ್ಪ. ಅವ್ಳೂ ಮನುಷ್ಯಳೇ ಅಲ್ವಾ. ನಾಕು ದಿನ ತವರಿಗೆ ಕಳ್ಸು."

ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಬಾಬಾಸಾಹೇಬರೂ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಅದನ್ನು ಸೇರಿಸಿದ್ದಾರೆ. ಆಮಶಂಕೆಯಿಂದ ನರಳುತ್ತಾ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಒಬ್ಬ ಭಿಕ್ಖುವನ್ನು ತಥಾಗತರು ಕಂಡರು. ಯಾರೂ ಏಕೆ ನೋಡಿಕೊಳ್ಳುತ್ತಿಲ್ಲ ಎಂದು ಕೇಳಿದರೆ, ತನ್ನಿಂದ ಬೇರೆಯವರಿಗೆ ಉಪಯೋಗವಿಲ್ಲ, ಅದಕ್ಕೇ ಎಂದ. ಆನಂದರು ನೀರು ತಂದರು. ತಥಾಗತರು ನೀರು ಹುಯ್ದರು, ಆನಂದರು ತೊಳೆದರು. ತಥಾಗತರು ತಲೆಯ ಕಡೆ, ಆನಂದರು ಕಾಲಿನ ಕಡೆ ಹಿಡಿದೆತ್ತಿ ಮಂಚದ ಮೇಲೆ ಮಲಗಿಸಿದರು.

ಇದನ್ನು ಎಷ್ಟೋ ಸಲ ಓದಿದ್ದೆ. ರೋಗಿಯ ಸೇವೆ ದೊಡ್ಡದು ಎಂದಷ್ಟೇ ತಿಳಿದಿದ್ದೆ. ಎತ್ತಿದವರು ಇಬ್ಬರು ಎಂಬುದನ್ನು ಗಮನಿಸಿರಲಿಲ್ಲ. ತಥಾಗತರು ಅಷ್ಟಕ್ಕೇ ಬಿಡಲಿಲ್ಲ. ಗುರುವಿದ್ದರೆ ಗುರು, ಶಿಷ್ಯನಿದ್ದರೆ ಶಿಷ್ಯ, ಯಾರೂ ಇಲ್ಲದಿದ್ದರೆ ಸಂಘವೇ ರೋಗಿಯನ್ನು ನೋಡಬೇಕು, ನೋಡದಿದ್ದರೆ ತಪ್ಪು ಎಂದು ನಿಯಮ ಮಾಡಿದರು. ಆರೈಕೆಯನ್ನು ಯಾರೋ ಒಬ್ಬರ ಒಳ್ಳೆಯತನಕ್ಕೆ ಬಿಡಲಿಲ್ಲ.

ನಾವು ಬಿಟ್ಟಿದ್ದೇವೆ. "ಎಂಥ ಪುಣ್ಯವಂತೆ ಸೊಸೆ" ಎಂದು ಹೊಗಳಿ ಅಲ್ಲೇ ಕಟ್ಟಿಹಾಕುತ್ತೇವೆ. ಹುಟ್ಟು ನೋಡಿ ಕೆಲಸ ಹಂಚುವುದನ್ನು ಧಿಕ್ಕರಿಸಿ ಧಮ್ಮಕ್ಕೆ ಬಂದವರು ನಾವು. ಹೆಣ್ಣಾಗಿ ಹುಟ್ಟಿದ್ದರಿಂದ ಮಲ ತೊಳೆಯುವುದು ಅವಳದೇ ಕೆಲಸ ಎಂದರೆ, ಬಿಟ್ಟುಬಂದದ್ದೇ ಮನೆಯೊಳಗೆ ಉಳಿದಂತಲ್ಲವೇ?

1928ರಲ್ಲಿ ಮುಂಬೈ ಪ್ರಾಂತ್ಯದ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಬಾಬಾಸಾಹೇಬರು, ದುಡಿಯುವ ತಾಯಿಗೆ ವಿಶ್ರಾಂತಿ ಸಿಗುವುದು ರಾಷ್ಟ್ರದ ಹಿತ ಎಂದು ವಾದಿಸಿದರು. ಮುಂದೆ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿ ಕಾರ್ಖಾನೆಯವರಿಗೆ ಸಂಬಳಸಹಿತ ರಜೆಯ ಮಸೂದೆ ಮಂಡಿಸಿದರು. ಅವರಿಗೆ ವಿಶ್ರಾಂತಿ ಎಂದರೆ ಯಜಮಾನ ಕೊಡುವ ಭಿಕ್ಷೆಯಲ್ಲ, ದುಡಿಯುವವರ ಹಕ್ಕು. ನಮ್ಮ ಮನೆಯಲ್ಲಿ ದುಡಿಯುವವರಿಗೆ ಆ ಹಕ್ಕು ಕೊಡಬೇಕಾದವರು ನಾವೇ.

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವಾಗ ಬ್ಯಾರನ್ ಬೆಂಕಿಯನ್ನು ಹಗಲೂ ರಾತ್ರಿ ಕಾಯಬೇಕು. ಒಬ್ಬರೇ ಕಾದರೆ ನಿದ್ದೆ ಹತ್ತಿ ಸೊಪ್ಪು ಕೆಡುತ್ತದೆ ಎಂದು ಸರದಿ ಹಾಕಿಕೊಳ್ಳುತ್ತೇವೆ. ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುತ್ತೇವೆ. ಸೊಪ್ಪಿಗಿರುವ ಸರದಿ ಅವ್ವನಿಗೇಕಿಲ್ಲ? ಎಚ್.ಡಿ. ಕೋಟೆಯಿಂದ ಬಾವಲಿ ದಾಟಿದರೆ ಕೇರಳ. ಅಲ್ಲಿನ ಸರ್ಕಾರ 2008ರಲ್ಲೇ ಇದಕ್ಕೊಂದು ನೀತಿ ಮಾಡಿತು. ಹಾಸಿಗೆ ಹಿಡಿದವರ ಮನೆಗೆ ನರ್ಸ್ ಬರುತ್ತಾರೆ, ಊರಿನ ಸ್ವಯಂಸೇವಕರು ಬರುತ್ತಾರೆ. ನಮ್ಮಲ್ಲಿ ಸರ್ಕಾರವನ್ನು ಕೇಳೋಣ. ಅಲ್ಲಿಯವರೆಗೆ ನಾವು ಸುಮ್ಮನೆ ಕೂರಬೇಕಿಲ್ಲ.

ಈ ದಸರಾ ರಜೆಯಲ್ಲಿ ಅವಳನ್ನು ನಾಲ್ಕು ದಿನ ತವರಿಗೆ ಕಳಿಸಿದೆ. ಯಾವ ಮಾತ್ರೆ ಯಾವಾಗ ಎಂಬುದೇ ನನಗೆ ಗೊತ್ತಿರಲಿಲ್ಲ. ಅವಳೇ ಬರೆದು ಗೋಡೆಗೆ ಅಂಟಿಸಿ ಹೋದಳು. ನಾನು ಬಟ್ಟೆ ಬದಲಿಸಲು ಹೋದರೆ ಅವ್ವ ನಾಚಿ ಮುಖ ತಿರುಗಿಸಿದಳು. ನಮ್ಮ ಅಧ್ಯಯನ ಬಳಗದ ಅಕ್ಕ ಒಬ್ಬರು ಬೆಳಗ್ಗೆ, ಸಂಜೆ ಬಂದು ನೆರವಾದರು. ಅವರ ಮಗನಿಗೆ ನಾನೀಗ ಎಸ್ಸೆಸ್ಸೆಲ್ಸಿ ಕನ್ನಡ ವ್ಯಾಕರಣ ಹೇಳಿಕೊಡುತ್ತಿದ್ದೇನೆ. ಅದು ನನ್ನ ಮುಯ್ಯಿ. ಹೆಂಡತಿ ಮರಳಿ ಬಂದ ರಾತ್ರಿ ಅತ್ತೆ ಸೊಸೆ ಮಾತಾಡುತ್ತಾ ನಗುವುದು ಕೇಳಿಸಿತು. ಆ ನಗು ಕೇಳಿ ಬಹಳ ದಿನವಾಗಿತ್ತು.

ಬಂಧುಗಳೇ, ಈ ಭಾನುವಾರ ವಂದನೆ ಮುಗಿದ ಮೇಲೆ ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರು ಅರ್ಧ ದಿನ ಕೊಡಬಲ್ಲರು ಎಂದು ಪಟ್ಟಿ ಮಾಡೋಣ. "ಸಹಾಯ ಬೇಕಾ?" ಎಂದು ಕೇಳಬೇಡಿ. ಬೇಡ ಎಂದೇ ಅನ್ನುತ್ತಾರೆ. "ಮಧ್ಯಾಹ್ನ ನಾನು ಬಂದು ಕೂತ್ಕೋತೀನಿ, ನೀವು ಹೋಗಿಬನ್ನಿ" ಅನ್ನಿ. ತಲೆಯ ಕಡೆ ಒಬ್ಬರು ಆಗಲೇ ಹಿಡಿದಿದ್ದಾರೆ. ಕಾಲಿನ ಕಡೆ ನಾವು ಹಿಡಿಯೋಣ.

ಎಲ್ಲರಿಗೂ ಮಂಗಳವಾಗಲಿ. ಜೈಭೀಮ್.